ಪರ-ವಿರೋಧ: ಇನ್ಲೆ ಸರೋವರಕ್ಕೆ ಕ್ಯಾಮೆರಾ ಗುಂಪಿನ ಜೊತೆ ಹೋಗಬೇಕಾ?

ಪರ: ಗುಂಪಿಲ್ಲದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಇನ್ಲೆ ಇರುವ ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಪರಿಸ್ಥಿತಿ ಚೆನ್ನಾಗಿಲ್ಲ. ಇವತ್ತೇ ಹೊರಡಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಇನ್ಲೆಯಂಥ ಜಾಗಕ್ಕೆ ಹೇಗೆ ಹೋಗಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ, ಫೋಟೋ ತೆಗೆಯುವವರ ಗುಂಪಿನ ಜೊತೆ ಹೋಗಿ.

2019ರ ಜನವರಿಯಲ್ಲಿ ಬೆಂಗಳೂರಿನಿಂದ ಹತ್ತು ಜನ ಹೊರಟೆವು. ಅಲ್ಲಿಯವರೆಗೆ ನಾನು ಮೈಸೂರಿಗೂ ಒಬ್ಬಳೇ ಹೋದವಳಲ್ಲ. ಬೆಳಗಿನ ಜಾವ ಐದೂವರೆಗೆ ಸರೋವರದ ಹತ್ತಿರದ ನ್ಯಾಂಗ್‌ಶ್ವೇ ಊರಿನಲ್ಲಿ ಉದ್ದನೆಯ ದೋಣಿ ಹತ್ತಿದಾಗ ಕತ್ತಲೆ, ನಡುಗುವ ಚಳಿ, ಒಬ್ಬರ ಹಿಂದೆ ಒಬ್ಬರಂತೆ ಕುರ್ಚಿ, ಕಾಲಿನ ಮೇಲೆ ಕಂಬಳಿ. ಬೆಳಕಾದಾಗ ನೋಡಿದರೆ ಎಲ್ಲ ಕಡೆ ಮಂಜು. ನನ್ನ ಫೋಟೋಗಳೆಲ್ಲ ಬೂದಿಬಣ್ಣ ಬರುತ್ತಿದ್ದವು. ಹಿಂದಿನ ಕುರ್ಚಿಯವರು ಬಗ್ಗಿ ನೋಡಿ, "ಮಂಜಿಗೆ ಕ್ಯಾಮೆರಾ ಮೋಸ ಹೋಗುತ್ತೆ, ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಿ" ಅಂದರು. ಅಷ್ಟೇ, ಮಂಜು ಬೆಳ್ಳಗಾಯಿತು! ಮನೆಯಲ್ಲಿ ಎರಡು ವರ್ಷ ವಿಡಿಯೋ ನೋಡಿ ಕಲಿಯದ್ದನ್ನು ಅಲ್ಲಿ ಅರ್ಧ ನಿಮಿಷದಲ್ಲಿ ಕಲಿತೆ.

ಗುಂಪಿನವರು ಬೆಸ್ತರಿಗೆ ದುಡ್ಡು ಕೊಟ್ಟು ಫೋಟೋಗೆ ನಿಲ್ಲಿಸುತ್ತಾರೆ ಅಂತ ದೂರುವವರಿದ್ದಾರೆ. ಮದುವೆಮನೆಯಲ್ಲಿ ನಿಂತರೆ ತಪ್ಪಲ್ಲ, ಸ್ಟುಡಿಯೋದಲ್ಲಿ ನಿಂತರೆ ತಪ್ಪಲ್ಲ, ದೋಣಿ ಮೇಲೆ ನಿಂತರೆ ತಪ್ಪಾ? ಒಬ್ಬರೇ ಹೋದರೆ ಮಾತ್ರ ನಿಜವಾದ ಫೋಟೋ ಅನ್ನುವವರು, ಹೆಂಗಸರು ಮನೆಯಿಂದ ಹೇಗೆ ಹೊರಡುತ್ತಾರೆ ಅಂತ ಒಮ್ಮೆಯಾದರೂ ಯೋಚಿಸಿದ್ದಾರಾ?

ನಾನು ಹೇಳಬೇಕಾದದ್ದು ಇನ್ಲೆಯ ಫಾಂಗ್ ಡಾ ಊ ಅನ್ನುವ ಬೌದ್ಧ ದೇವಸ್ಥಾನದ ಕಥೆ. ಅಲ್ಲಿ ಐದು ಬುದ್ಧ ಮೂರ್ತಿಗಳಿವೆ. ಭಕ್ತರು ಚಿನ್ನದ ರೇಕು ಅಂಟಿಸಿ ಅಂಟಿಸಿ ಮುಖ, ಕೈ ಯಾವುದೂ ಕಾಣದ ಹಾಗೆ ಚಿನ್ನದ ಉಂಡೆಗಳೇ ಆಗಿಬಿಟ್ಟಿವೆ. ಮೂರ್ತಿಗಳಿರುವ ಕಟ್ಟೆಗೆ ಗಂಡಸರು ಮಾತ್ರ ಹತ್ತಬೇಕು. ಅಮ್ಮ ಹೋಗಿ ಆಗ ಆರು ತಿಂಗಳು. ಅವಳ ಹೆಸರಲ್ಲಿ ಒಂದು ರೇಕು ಕೊಂಡು ಕೆಳಗೆ ಸುಮ್ನೆ ನಿಂತಿದ್ದೆ, ಕಣ್ಣು ತುಂಬಿತ್ತು. ಗುಂಪಿನಲ್ಲಿ ಹಾಸನದ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಇಡೀ ಪ್ರವಾಸದಲ್ಲಿ ಹಕ್ಕಿ ಬಿಟ್ಟು ಬೇರೇನೂ ತೆಗೆದವರಲ್ಲ. "ಇಲ್ಲಿ ಕೊಡಮ್ಮ, ಕ್ಯಾಮೆರಾನೂ ಕೊಡು" ಅಂದರು. "ತಾಯಿ ಹೆಸರೇನು?" ಅಂತ ಕೇಳಿಕೊಂಡು ಹತ್ತಿದರು. ಆ ರೇಕು ಎಷ್ಟು ತೆಳು ಅಂದರೆ ಅರ್ಧ ಮೂರ್ತಿಗೆ ಅಂಟಿತು, ಅರ್ಧ ಅವರ ಹೆಬ್ಬೆಟ್ಟಿಗೇ ಅಂಟಿಕೊಂಡಿತು. ಇಳಿದು ಬಂದು ಆ ಹೆಬ್ಬೆಟ್ಟನ್ನು ನನ್ನ ಅಂಗೈಗೆ ಒತ್ತಿದರು. ಅವರು ತೆಗೆದ ಆ ಫೋಟೋ ನಮ್ಮ ಮನೆಯಲ್ಲಿ ಅಮ್ಮನ ಫೋಟೋ ಪಕ್ಕದಲ್ಲೇ ಇದೆ. ಒಬ್ಬಳೇ ಹೋಗಿದ್ದರೆ ಆ ರೇಕನ್ನು ಯಾರ ಕೈಗೆ ಕೊಡುತ್ತಿದ್ದೆ?

ವಿರೋಧ: ಮಧ್ಯಾಹ್ನ ಎಲ್ಲಿ ಹೋಯಿತು?

ನನಗೆ ವಿರೋಧದ ಕಡೆ ಬರೆಯಲು ಹೇಳಿದ್ದಾರೆ. ನಾನೂ ಅಂಥ ಗುಂಪಿನಲ್ಲೇ ಹೋದವನು, ಖುಷಿಯಾಗಿಯೇ ಇದ್ದೆ, ಹಾಗಾಗಿ ಹೋಗಲೇಬೇಡಿ ಅನ್ನಲಾರೆ. ಧೈರ್ಯದ ವಿಷಯ, ಜೊತೆಯ ವಿಷಯ ಬೇರೆ. ನನ್ನ ತಕರಾರು ಸಮಯದ್ದು.

ಫೋಟೋ ಗುಂಪು ನಡೆಯುವುದು ಬೆಳಕಿನ ಲೆಕ್ಕದಲ್ಲಿ. ಬೆಳಿಗ್ಗೆ ಒಂಬತ್ತರವರೆಗೆ, ಆಮೇಲೆ ಸಂಜೆ ನಾಲ್ಕರಿಂದ. ನಡುವೆ ಹೋಟೆಲು. ಬಿಸಿಲು ನೆತ್ತಿಗೆ ಬಂದರೆ ಫೋಟೋ ಕೆಡುತ್ತೆ ಅಂತ. ಆದರೆ ಊರು ಕೆಲಸ ಮಾಡುವುದೇ ಆಗ ಅಲ್ವಾ? ಸರೋವರದಲ್ಲಿ ಬದುಕುವ 'ಇಂತಾ' ಅನ್ನುವ ಸಮುದಾಯದವರು ಒಂದು ಕಾಲಲ್ಲಿ ದೋಣಿಯ ತುದಿಗೆ ನಿಂತು, ಇನ್ನೊಂದು ಕಾಲನ್ನು ಹುಟ್ಟಿಗೆ ಸುತ್ತಿ ದೋಣಿ ನಡೆಸುವುದು ಚೆಂದಕ್ಕಲ್ಲ. ಎದ್ದು ನಿಂತರೆ ಜೊಂಡಿನಾಚೆ ದಾರಿ ಕಾಣುತ್ತದೆ, ಬಲೆ ಎಳೆಯಲು ಎರಡು ಕೈ ಬಿಡುವಾಗುತ್ತವೆ. ನಮಗೆ ಸಿಕ್ಕ ಬೆಸ್ತರು ಮೀನು ಹಿಡಿಯುವ ಎತ್ತರದ ಬಿದಿರಿನ ಕೂಳಿಯನ್ನು ಕಾಲಲ್ಲಿ ಎತ್ತಿ ಹಿಡಿದು, ಸೂರ್ಯ ಸರಿಯಾದ ಜಾಗಕ್ಕೆ ಬರುವವರೆಗೆ ಕಾದರು. ಎಂಟು ಕ್ಯಾಮೆರಾ, ಎಂಟರಲ್ಲೂ ಒಂದೇ ಚಿತ್ರ.

ಒಂದು ಮಧ್ಯಾಹ್ನ ನಾನು ಮಲಗದೆ, ದೋಣಿಯವನನ್ನು ಕೇಳಿಕೊಂಡು ತೇಲುವ ತೋಟದ ಕಡೆ ಹೋದೆ. ನೀರಿನ ಕಳೆಯನ್ನೇ ಹಾಸಿಗೆಯ ಹಾಗೆ ಕಟ್ಟಿ, ಬಿದಿರು ಚುಚ್ಚಿ ನಿಲ್ಲಿಸಿ, ಅದರ ಮೇಲೆ ಸಾಲು ಸಾಲು ಟೊಮೇಟೊ. ಮನೆಯ ಜಗುಲಿಯಲ್ಲಿ ಒಬ್ಬ ಅಜ್ಜಿ ಕಾಯಿ, ಹಣ್ಣು ಬೇರೆ ಮಾಡುತ್ತಾ ಕೂತಿದ್ದರು. ಒಂದು ಹಣ್ಣನ್ನು ಸೆರಗಿನಂಥ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ತಿನ್ನುತ್ತಿದ್ದೆ, ಅಷ್ಟರಲ್ಲಿ ಫೋನು. ಗುಂಪಿನ ಮುಖ್ಯಸ್ಥರು ಸ್ತೂಪಗಳಿರುವ ಇಂಡೇನ್‌ಗೆ ಹೊರಟಾಗಿತ್ತು, ಬೆಳಕು ಹೋಗುತ್ತೆ, ಬೇಗ ಬನ್ನಿ ಅಂದರು. ಬಿಟ್ಟು ಓಡಿದೆ.

2025ರ ಮಾರ್ಚ್ 28ರಂದು 7.7 ತೀವ್ರತೆಯ ಭೂಕಂಪ ಆಯಿತಲ್ಲ, ಇನ್ಲೆಯಲ್ಲೂ ಕಂಬಗಳ ಮೇಲಿನ ಎಷ್ಟೋ ಮನೆಗಳು ನೀರಿಗೆ ಕುಸಿದವು. ಆ ವಾರ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಆ ಅಜ್ಜಿಯ ಮನೆಗಾಗಿ ಹುಡುಕಿದೆ. ಸಾವಿರಕ್ಕೂ ಜಾಸ್ತಿ ಫೋಟೋಗಳಲ್ಲಿ ಕೂಳಿ ಹಿಡಿದವರೇ ಇದ್ದರು. ಜಗುಲಿಯದು ಒಂದೇ ಒಂದು ಇತ್ತು. ದೋಣಿ ಹೊರಟ ಮೇಲೆ ತಿರುಗಿ ತೆಗೆದದ್ದು, ಪೂರ್ತಿ ಅಲುಗಿದೆ. ಟೊಮೇಟೊ ಬುಟ್ಟಿಯ ಕೆಂಪು ಮಾತ್ರ ಗೊತ್ತಾಗುತ್ತದೆ.