ಪಿ ಸೈಲೆಂಟು

ಶನಿವಾರ ಮಗಳ ಸ್ಕೂಲಿಗೆ ಎರಡನೇ ಕಂತಿನ ಫೀಸು ಕಟ್ಟಲು ಹೋಗಿದ್ದೆ. ಮೊಬೈಲಿನಲ್ಲೇ ಕಟ್ಟಬಹುದಿತ್ತು. ಆದರೆ ಅವರ ಆ್ಯಪ್ ಒಟಿಪಿ ಕೇಳಿ, ಕೊಟ್ಟ ಮೇಲೆ ನಾವ್ಯಾರು ಅಂತಲೇ ಮರೆತುಬಿಡುತ್ತದೆ. ಹಾಗಾಗಿ ಕೌಂಟರಿನಲ್ಲಿ ಅರ್ಧ ಗಂಟೆ ನಿಂತು, 32,000 ರೂಪಾಯಿ ಎಣಿಸಿಕೊಟ್ಟು, ದುಡ್ಡು ಕೊಟ್ಟವನ ಠೀವಿಯಲ್ಲಿ ಕೇಳಿದೆ: "ಮೇಡಂ, ರಿಸಿಪ್ಟ್ ಕೊಡಿ."

ಮೇಡಂ ತಲೆ ಎತ್ತಿದರು. "ಏನು ಸರ್?"

"ರಿಸಿಪ್ಟ್."

"ಪ್ರಿಸ್ಕ್ರಿಪ್ಷನ್ನಾ? ಮಗೂಗೆ ಹುಷಾರಿಲ್ವಾ?"

"ಅಲ್ಲ ಮೇಡಂ, ದುಡ್ಡು ಕಟ್ಟಿದ್ದಕ್ಕೆ ಕೊಡ್ತೀರಲ್ಲ, ಅದೇ, ರಿಸಿಪ್ಟ್!"

ಎದುರಿನವರಿಗೆ ಅರ್ಥ ಆಗದಿದ್ದರೆ ದನಿ ಏರಿಸುವುದು ನಮ್ಮ ಮನೆತನದ ಪದ್ಧತಿ. ಮೂರನೇ ಸಲ ಆ 'ಪ್'ಗೆ ಬಿದ್ದ ಒತ್ತಿಗೆ ಕೌಂಟರಿನ ಗಾಜಿನ ಮೇಲೆ ಎರಡು ಹನಿಯೂ ಬಿತ್ತು.

"ಓ, ರಿಸೀಟಾ!" ಎಂದರು ಮೇಡಂ, ಗಾಜಿನಿಂದ ಸ್ವಲ್ಪ ಹಿಂದೆ ಸರಿದು. ಕ್ಯೂನಲ್ಲಿ ನನ್ನ ಹಿಂದಿದ್ದವರು ಕೆಮ್ಮಿದರು. ಅದು ಕೆಮ್ಮಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ನಾಲ್ಕನೇ ಕ್ಲಾಸಿನ ಮಗಳು ನನ್ನ ಕೈ ಬಿಟ್ಟು, ಹುಟ್ಟಿದ ಮೇಲೆ ಮೊದಲ ಸಲ, ನೋಟಿಸ್ ಬೋರ್ಡ್ ಓದಲು ಹೋದಳು.

ಸ್ಕೂಟರ್ ಹತ್ತಿದ ಮೇಲೆ ಬೆನ್ನ ಹಿಂದಿನಿಂದ ತೀರ್ಪು ಬಂತು. "ಅಪ್ಪಾ, ಅದರಲ್ಲಿ ಪಿ ಸೈಲೆಂಟು."

ಸೈಲೆಂಟಂತೆ! ನಾನು ಕಟ್ಟಿದ ಮೂವತ್ತೆರಡು ಸಾವಿರದಲ್ಲಿ ಒಂದು ಸೊನ್ನೆ ಸೈಲೆಂಟ್ ಆಗಿತ್ತಾ? ಎಲ್ಲ ಸೊನ್ನೆಗಳನ್ನೂ ಬಾಯಿಬಿಟ್ಟು ಎಣಿಸಿಕೊಂಡರಲ್ಲ. ಸುಮ್ನೆ 'ರಶೀದಿ' ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಂಗ್ಲಿಷ್ ಸ್ಕೂಲಿನ ಕೌಂಟರ್ ನೋಡಿದರೆ ನಾಲಿಗೆಗೆ ಏನೋ ಬಂದುಬಿಡುತ್ತದೆ.

ರಾತ್ರಿ ನಿದ್ದೆ ಬರದೆ ಆ ಪಿಯ ಜಾತಕ ಹುಡುಕಿದೆ. ಪದ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಪಿ ಇರಲೇ ಇಲ್ಲ. ಲ್ಯಾಟಿನ್ ಓದಿಕೊಂಡವರು, ಇದರ ಮುತ್ತಜ್ಜನ ಹೆಸರಲ್ಲಿ ಪಿ ಇತ್ತು ಅಂತ ತಂದು ತುರುಕಿದರು. ಸಾಲ ಅನ್ನುವ ಅರ್ಥದ 'ಡೆಟ್'ಗೆ ಬಿ ಅಂಟಿಸಿದ್ದೂ ಹೀಗೇ. ಹೋಗಲಿ, ಎಲ್ಲರಿಗೂ ಒಂದೇ ನ್ಯಾಯ ಮಾಡಿದರಾ? ಅದೂ ಇಲ್ಲ. ಇದರ ಒಡಹುಟ್ಟುಗಳು ಡಿಸೀಟ್, ಕನ್ಸೀಟ್. ಅವಕ್ಕೆ ಪಿ ಇಲ್ಲ. ಮೋಸಕ್ಕೆ ಬೇಡ, ಜಂಬಕ್ಕೆ ಬೇಡ, ಪಾಪದ ರಶೀದಿಗೆ ಮಾತ್ರ ಬೇಕು!

ನನ್ನ ತಪ್ಪೇನಿದೆ? ನಮಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಇಂಗ್ಲಿಷ್ ನನಗೆ ಕಣ್ಣಿನಿಂದ ಬಂತು, ಕಿವಿಗೆ ಬಿದ್ದದ್ದು ಆಮೇಲೆ. ನಮ್ಮ ಮೇಷ್ಟ್ರು ಡಿಕ್ಟೇಷನ್ ಕೊಡುವಾಗ ಒಂದು ಅಕ್ಷರವನ್ನೂ ಬಿಡುತ್ತಿರಲಿಲ್ಲ. 'ವೆಡ್-ನೆಸ್-ಡೇ', ದ್ವೀಪಕ್ಕೆ 'ಐಸ್-ಲ್ಯಾಂಡ್' ಅಂತ ಬೆತ್ತದಿಂದ ಮೇಜಿಗೆ ತಾಳ ಹಾಕುತ್ತಾ ಹೇಳುವರು. ಚಾಕುವಿಗೆ 'ಕ್ನೈಫ್'. ಕುದುರೆ ಮೇಲೆ ಕೂತ ವೀರ 'ಕ್ನಿಘ್ಟ್'. "ಬರೆದದ್ದನ್ನ ಓದ್ಬೇಕು ಕಣ್ರೋ. ಓದದೇ ಬಿಡೋದಾದ್ರೆ ಇಂಕು ಯಾಕೆ ದಂಡ?" ಅನ್ನುವರು. ಪಟ್ಟಣದ ಕಾಲೇಜಿಗೆ ಬಂದು ಒಂದೊಂದೇ ಪದಕ್ಕೆ ನಗಿಸಿಕೊಂಡಾಗ ಅವರ ಮೇಲೆ ನನಗೆ ಸಿಟ್ಟೂ ಬಂದಿತ್ತು.

ಅದೇ ರಾತ್ರಿ ಗೊತ್ತಾಯಿತು. ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನವರೂ ಆ ಕೆ ಅನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಮಧ್ಯದ ಜಿ ಎಚ್ ಅನ್ನೂ ಗಂಟಲಿನಿಂದ ಕ್ಯಾಕರಿಸಿ ಹೊರಡಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟ. ಬರೆಯುವ ರೀತಿ ಅಚ್ಚಿನಲ್ಲಿ ಮೆಲ್ಲಗೆ ಗಟ್ಟಿಯಾಗುತ್ತಾ ಬಂತು, ನಾಲಿಗೆ ತನ್ನ ಪಾಡಿಗೆ ಹರಿಯುತ್ತಾ ಹೋಯಿತು. 17ನೇ ಶತಮಾನದಲ್ಲಿ ಆ ಕೆ ಬಾಯಿಂದ ಉದುರತೊಡಗಿತು. ಕಾಗದದ ಮೇಲೆ ಮಾತ್ರ ಹಾಗೇ ಉಳಿಯಿತು.

ಅಂದರೆ ಮೇಷ್ಟ್ರು ಹೇಳಿದ ಆ ಕೆ, ಆ ಜಿ ಎಚ್ ಹಳೇ ಲೆಕ್ಕದಲ್ಲಿ ಸರಿಯೇ ಇತ್ತು. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ, ಸೋರುವ ಹೆಂಚಿನ ಕೆಳಗೆ, ಇಂಗ್ಲಿಷರೇ ಬಿಸಾಕಿದ ಅಕ್ಷರಗಳನ್ನು ಒಬ್ಬರೇ ಕಾಪಾಡಿಕೊಂಡು ಕೂತಿದ್ದರು. ಈಗ ಅವರಿಲ್ಲ. ಇದ್ದಿದ್ದರೆ ಆ ಸರಿರಾತ್ರಿಯಲ್ಲೇ ಫೋನ್ ಮಾಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುತ್ತಾ ಮಗಳಿಗೆ ಭಾಷಣ ಶುರು ಮಾಡಿದೆ. "ನೋಡು, ಇದಕ್ಕೆ ಹಳಗನ್ನಡದಲ್ಲಿ ಪಾಲ್ ಅಂತಿದ್ರು. ಹುಲಿಗೆ ಪುಲಿ. ಬಾಯಲ್ಲಿ ಪ ಹೋಗಿ ಹ ಬಂತು, ಬರೆಯೋದನ್ನೂ ಬದಲಾಯಿಸಿಕೊಂಡ್ವಿ. ಇಂಗ್ಲಿಷರ ಕೈಗೆ ಕೊಟ್ಟಿದ್ರೆ ಪ್ಯಾಕೆಟ್ ಮೇಲೆ ಈಗಲೂ ಪಾಲ್ ಅಂತ ಬರೆದು, ಹಾಲು ಅಂತ ಓದಿ, ಗೊತ್ತಿಲ್ಲದೋರನ್ನ ನೋಡಿ ಕ್ಯೂನಲ್ಲಿ ಕೆಮ್ಮೋರು. ನಮ್ದು ಹಂಗಲ್ಲ. ಹೇಳಿದಂಗೆ ಬರೆಯೋದು, ಬರೆದಂಗೆ ಓದೋದು."

ಅವಳು ಕನ್ನಡ ಪುಸ್ತಕ ತಂದು ಒಂದು ಪದದ ಮೇಲೆ ಬೆರಳಿಟ್ಟಳು. "ಓದಪ್ಪಾ."

"ಚಿನ್ಹೆ."

"ಹ ಮೊದಲಿದೆ, ನ ಕೆಳಗಿದೆ. ಚಿಹ್-ನೆ. ಇದು?"

"ಬ್ರಾಮ್ಹ... ಹಾಲು ಕುಡಿ, ಆರ್ತಾ ಇದೆ."

ಸೋಮವಾರ ಅವಳಿಗೆ ಡಿಕ್ಟೇಷನ್ ಇತ್ತು. ಭಾನುವಾರ ಸಂಜೆ ರೂಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಉರು ಹೊಡೆಯುತ್ತಿದ್ದಳು. ಕಾಫಿ ಲೋಟ ಹಿಡಿದು ಹಾದು ಹೋಗುತ್ತಿದ್ದವನು ನಿಂತೆ. ಪೆನ್ಸಿಲಿನಿಂದ ಮೇಜಿಗೆ ತಾಳ ಹಾಕುತ್ತಾ, ಅಕ್ಷರ ಬಿಟ್ಟುಹೋಗಿ ಮಾರ್ಕ್ಸ್ ಕಳೆಯದಿರಲಿ ಅಂತ, ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು: "ವೆಡ್-ನೆಸ್-ಡೇ. ಐಸ್-ಲ್ಯಾಂಡ್. ರಿ-ಸಿಪ್-ಟ್. ರಿ-ಸಿಪ್-ಟ್."

ನಾನು ಪಿ ಥರ ಸೈಲೆಂಟಾಗಿ ಈಚೆ ಬಂದೆ.