ಮಾವನ ಮಡಕೆ, ಮಾವನ ಕುಂಬಾರ

ನಿನ್ನೆ ನಮ್ಮ ದೊಡ್ಡಮ್ಮನ ಮಗನ ಮನೆ ಗೃಹಪ್ರವೇಶ. ಎಲೆಗೆ ಇನ್ನೂ ಪುಳಿಯೋಗರೆ ಬಿದ್ದಿತ್ತಷ್ಟೆ, ಪಕ್ಕದಲ್ಲಿದ್ದ ಮಾವ ಶುರು ಮಾಡಿದರು. "ಮಡಕೆ ಇದ್ದಮೇಲೆ ಕುಂಬಾರ ಇರಲೇಬೇಕು. ಜಗತ್ತು ಇದೆ. ಹಾಗಾದರೆ? ಇದು ಲಾಜಿಕ್ ಕಣೋ!" ಎದುರಿನ ಸಾಲೆಲ್ಲ ತಲೆಯಾಡಿಸಿತು. ನಾನು ಸಂಧ್ಯಾವಂದನೆ ಬಿಟ್ಟವನು ಅಂತ ಇಡೀ ನೆಂಟರಿಗೆ ಗೊತ್ತಲ್ಲ, ಬಾಣ ನನಗೇ.

ದೇವರನ್ನು ನಂಬಿ ಮಾವ, ಯಾರು ಬೇಡ ಅಂದರು? ಲಾಜಿಕ್ ಅಂತ ಮಾತ್ರ ಬಡಿಸಬೇಡಿ.

ಈ ಮಡಕೆ ಹಳೇದು. ಸುಮಾರು ಸಾವಿರ ವರ್ಷದ ಹಿಂದೆಯೇ ತರ್ಕಶಾಸ್ತ್ರದ ಪಂಡಿತ ಉದಯನಾಚಾರ್ಯರು ನ್ಯಾಯಕುಸುಮಾಂಜಲಿ ಅನ್ನೋ ಗ್ರಂಥದಲ್ಲಿ ದೇವರಿದ್ದಾನೆ ಅಂತ ತೋರಿಸಲು ಇಂಥ ವಾದ ಕಟ್ಟಿದ್ದರು. ಅದನ್ನು ಒಪ್ಪದವರು ನಾಸ್ತಿಕರಷ್ಟೇ ಅಂದುಕೊಂಡಿರಾ? ಮಾವ ಹಣೆ ತುಂಬ ನಾಮ ಇಟ್ಟುಕೊಳ್ಳುತ್ತಾರಲ್ಲ, ಆ ಸಂಪ್ರದಾಯದ ರಾಮಾನುಜರೇ ಒಪ್ಪಲಿಲ್ಲ! ಶಾಸ್ತ್ರದಲ್ಲಿ 'ಅನುಮಾನ' ಅಂದರೆ ಸಂಶಯ ಅಲ್ಲ, ಹೊಗೆ ನೋಡಿ ಬೆಂಕಿ ಇದೆ ಅನ್ನೋದು. ಹಾಗೆ ಅನುಮಾನದಿಂದ ದೇವರು ಸಿಗಲ್ಲ, ಶಾಸ್ತ್ರದಿಂದಲೇ ತಿಳಿಯಬೇಕು ಅನ್ನೋದು ಬ್ರಹ್ಮಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ಶ್ರೀಭಾಷ್ಯದ ನಿಲುವು. ಭೂಮಿ, ಸಮುದ್ರ ಎಲ್ಲವನ್ನೂ ಒಬ್ಬನೇ, ಒಂದೇ ಸಲ ಮಾಡಿದ ಅಂತ ಹೇಗೆ ಹೇಳ್ತೀರಿ ಅಂತ ಅಲ್ಲಿ ಕೇಳಿದ್ದಾರೆ. ಮಧ್ವರೂ ಅಷ್ಟೇ, ಆಗಮದಿಂದಲೇ, ಅಂದರೆ ಶಾಸ್ತ್ರದಿಂದಲೇ, ದೇವರನ್ನು ತಿಳಿಯಬೇಕು ಅಂದವರು.

ಊಟ ಮಾಡುತ್ತಿದ್ದ ಮನೆಯನ್ನೇ ನೋಡಿ. ಗಾರೆಯವರು ಬೇರೆ, ಬಡಗಿ ಬೇರೆ, ಕಂಟ್ರಾಕ್ಟರ್ ಅರ್ಧಕ್ಕೆ ಕೈಕೊಟ್ಟು ಇನ್ನೊಬ್ಬ ಬಂದ. ಬಚ್ಚಲು ಈಗಲೇ ಸೋರುತ್ತಿದೆ. ಮಾವನ ಲೆಕ್ಕ ಹಿಡಿದರೆ ಜಗತ್ತಿಗೂ ಇಬ್ಬರು ಕಂಟ್ರಾಕ್ಟರು!

"ಎಲ್ಲದಕ್ಕೂ ಲಾಜಿಕ್ ಯಾಕೆ, ಅಮ್ಮನ ಪ್ರೀತಿಗೆ ಲಾಜಿಕ್ ಇದೆಯಾ" ಅಂತ ಈಗ ಯಾರಾದರೂ ಬರುತ್ತೀರಿ. ಇಲ್ಲ ಸ್ವಾಮಿ, ಖಂಡಿತ ಇಲ್ಲ. ಲಾಜಿಕ್ ತಂದವನು ನಾನಲ್ಲ. ನಾನು ಸುಮ್ನೆ ಪುಳಿಯೋಗರೆ ತಿನ್ನುತ್ತಿದ್ದೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ. ಹೋದ ವರ್ಷ ಅಮ್ಮ ಐಸಿಯುನಲ್ಲಿದ್ದಾಗ, ರಾತ್ರಿ ಎರಡು ಗಂಟೆಗೆ ಹೊರಗಿನ ತಣ್ಣನೆ ಸ್ಟೀಲ್ ಕುರ್ಚಿಯಲ್ಲಿ ಕೂತು "ನರಸಿಂಹ, ಇದೊಂದು ಸಲ" ಅಂದವನು ನಾನೇ. ಆಗ ಮಡಕೆಯೂ ನೆನಪಾಗಲಿಲ್ಲ, ಕುಂಬಾರನೂ ನೆನಪಾಗಲಿಲ್ಲ. ಅಮ್ಮ ಮನೆಗೆ ಬಂದರು. ಆಂಟಿಬಯಾಟಿಕ್‌ನಿಂದ, ಅದರಲ್ಲಿ ನನಗೆ ಈಗಲೂ ಅನುಮಾನ ಇಲ್ಲ. ಆದರೂ ಮೇಲುಕೋಟೆಗೆ ಹೋಗಿ ಬೆಟ್ಟದ ಮೆಟ್ಟಿಲನ್ನೆಲ್ಲ ಬರಿಗಾಲಲ್ಲಿ ಹತ್ತಿ ಬಂದೆ. ಮನೆಯಲ್ಲಿ ಆಫೀಸಿನ ಕೆಲಸ ಅಂದಿದ್ದೆ.

ಇದನ್ನು ದಯವಿಟ್ಟು ಮಾವನಿಗೆ ಹೇಳಬೇಡಿ. ಮುಂದಿನ ಮುಂಜಿ ಊಟದಲ್ಲಿ ಇದನ್ನೂ ಪ್ರೂಫ್ ಅಂತ ಬಡಿಸುತ್ತಾರೆ.