1939ರ ಪೋಲೆಂಡ್: ಟ್ಯಾಂಕುಗಳ ಮೇಲೆ ಕುದುರೆ ನುಗ್ಗಿಸಿದ್ದು ನಿಜವೇ?

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಪೋಲೆಂಡಿನ ಅಶ್ವಸೈನಿಕರು ಈಟಿ ಹಿಡಿದು ಜರ್ಮನ್ ಟ್ಯಾಂಕುಗಳ ಮೇಲೆ ಎರಗಿದರೆಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಅದು ನಿಜವಲ್ಲ. 1939ರ ಸೆಪ್ಟೆಂಬರ್ 1ರ ಸಂಜೆ ಕ್ರೊಯಾಂಟಿ ಎಂಬ ಹಳ್ಳಿಯ ಬಳಿ ಅವರು ಕತ್ತಿ ಹಿರಿದು ನುಗ್ಗಿದ್ದು ಜರ್ಮನ್ ಕಾಲಾಳುಗಳ ಮೇಲೆ; ಆ ಕಾಲಾಳು ತುಕಡಿ ಚದುರಿಯೂ ಹೋಯಿತು, ಆದರೆ ಅಷ್ಟರಲ್ಲಿ ಬಂದ ಜರ್ಮನ್ನರ ಉಕ್ಕಿನ ಕವಚದ ವಾಹನಗಳು ಮಷಿನ್‌ಗನ್ನುಗಳಿಂದ ಗುಂಡಿನ ಮಳೆಗರೆದವು. ಬಳಿಕ ಅಲ್ಲಿಗೆ ಬಂದ ಪತ್ರಕರ್ತರು ಸತ್ತ ಕುದುರೆಗಳನ್ನೂ ತಡವಾಗಿ ತಲುಪಿದ್ದ ಟ್ಯಾಂಕುಗಳನ್ನೂ ಒಟ್ಟಿಗೆ ಕಂಡು ಬರೆದದ್ದೇ ಕಥೆಯಾಗಿ, ಜರ್ಮನ್ ಪ್ರಚಾರಕ್ಕೆ ಒದಗಿತು. ನಂಬುವಂತೆಯೇ ಇದ್ದ ಕಥೆಯಾದ್ದರಿಂದ ಹಂಚಿದವರನ್ನು ದೂರುವಂತಿಲ್ಲ.

ಇಂಥ ಸಂದೇಶ ಬಂದಾಗ ಅದರಲ್ಲಿ ಊರು, ದಿನಾಂಕ, ಸೇನಾ ತುಕಡಿಯ ಹೆಸರು ಇವೆಯೇ ಎಂದು ಮೊದಲು ನೋಡಬೇಕು. ಇದ್ದರೆ ಎರಡೂ ಪಕ್ಷಗಳ ದಾಖಲೆಗಳನ್ನು ಆಧರಿಸಿದ ಇತಿಹಾಸ ಗ್ರಂಥಗಳೊಂದಿಗೆ ಹೋಲಿಸಬೇಕು. ಅಂದಹಾಗೆ, ಆಗ ಜರ್ಮನ್ ಸೇನೆಯ ಬಹುಪಾಲು ಫಿರಂಗಿಗಳನ್ನು ಎಳೆಯುತ್ತಿದ್ದುದೂ ಕುದುರೆಗಳೇ.